ಹತ್ತು ಸೀಸನ್ ಕೇಳಿದ ಮೇಲೆ: ನಮ್ಮ ಫ್ರಿಜ್ ಮೇಲಿನ ಚಾಡಿಕೋರ ರೇಡಿಯೊ

ಮೊದಲೇ ಹೇಳಿಬಿಡುತ್ತೇನೆ, ಈ ರೇಡಿಯೊಗೆ ಒಂದು ಕೆಟ್ಟ ಚಾಳಿ ಇದೆ. ಮನೆಯಲ್ಲಿ ಯಾರು ಯಾವ ಸ್ವಿಚ್ ಒತ್ತಿದರೂ ಇದಕ್ಕೆ ಗೊತ್ತಾಗುತ್ತದೆ. ಗೊತ್ತಾದದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಜಾಯಮಾನ ಇದರದ್ದಲ್ಲ. ಮೈಕ್ರೋವೇವ್ ಹಾಕಿದರೆ ಗೊರ್ ಅನ್ನುತ್ತದೆ. ಮಹಡಿಯ ದೀಪ ಸ್ವಲ್ಪ ಮಂದ ಮಾಡಿದರೆ ಒಳಗೆ ದುಂಬಿ ಹೊಕ್ಕ ಹಾಗೆ ಗುಂಯ್‌ಗುಡುತ್ತಿತ್ತು, ಆ ಸ್ವಿಚ್ ಬದಲಾಯಿಸುವ ತನಕ. ಮಗಳು ಫೋನ್ ಚಾರ್ಜಿಗೆ ಹಾಕಿದರೆ ಸಣ್ಣಗೆ ಚಿರ್ ಅನ್ನುತ್ತದೆ. ನಾನು ಕೇಳಬೇಕು ಅಂತಿರುವುದು ಬೇಸ್‌ಬಾಲ್ ಕಾಮೆಂಟರಿ. ಇದು ಅದರ ಜತೆ ನಮ್ಮನೆಯ ಕಾಮೆಂಟರಿಯನ್ನೂ ಬಿಟ್ಟಿ ಕೊಡುತ್ತದೆ.

ನಾವಿರುವುದು ಅಮೆರಿಕದ ಒಹಾಯೊದಲ್ಲಿ, ಕೊಲಂಬಸ್ ಊರಲ್ಲಿ. 2016ರ ಮೇ ತಿಂಗಳಲ್ಲಿ 38 ಡಾಲರ್ ಕೊಟ್ಟು ಇದನ್ನು ಕೊಂಡೆ. ಬೇಸ್‌ಬಾಲಿಗೆ ಅಂತ ಅಲ್ಲ, ಹೆದರಿಕೊಂಡು ಕೊಂಡದ್ದು. ಇಲ್ಲಿ ಪ್ರತಿ ಬುಧವಾರ ಮಧ್ಯಾಹ್ನ 12ಕ್ಕೆ ಸುಂಟರಗಾಳಿಯ ಸೈರನ್ ಪರೀಕ್ಷೆ ಮಾಡುತ್ತಾರೆ. ಹೊಸ ಮನೆಗೆ ಬಂದ ಮೊದಲ ಬುಧವಾರ ಅದು ಕೂಗಿದಾಗ ನನ್ನ ಹೆಂಡತಿ ಐದು ವರ್ಷದ ಮಗಳನ್ನು ಎತ್ತಿಕೊಂಡು ನೆಲಮಾಳಿಗೆಗೆ ಓಡಿದ್ದಳು. ಆ ಸಂಜೆಯೇ ಹವಾಮಾನದ ಬ್ಯಾಂಡ್ ಇರುವ, ಸೆಲ್ ಹಾಕಿ ನಡೆಸುವ ಒಂದು ರೇಡಿಯೊ ಇರಲಿ ಅಂತ ಆರ್ಡರ್ ಮಾಡಿದೆ. ಹವಾಮಾನಕ್ಕೆ ಇದನ್ನು ಹಾಕಿದ್ದು ಈವರೆಗೆ ಏಳೆಂಟು ಸಲ ಇರಬಹುದು. ಮಿಕ್ಕದ್ದೆಲ್ಲ ಬೇಸ್‌ಬಾಲ್.

ಅದಕ್ಕೆ ಕಾರಣ ಸಿಟ್ಟು. ಆಟ ನೋಡಲು ದುಡ್ಡು ಕಟ್ಟಿ ಒಂದು ಸ್ಟ್ರೀಮಿಂಗ್ ತೆಗೆದುಕೊಂಡಿದ್ದೆ. ದೇಶದ ಎಲ್ಲ ಟೀಮಿನ ಆಟವೂ ಬರುತ್ತಿತ್ತು, ನಮ್ಮ ಹತ್ತಿರದ ಟೀಮಿನದ್ದು ಮಾತ್ರ ಇಲ್ಲ. ಹತ್ತಿರದವರಿಗೆ ತೋರಿಸುವ ಹಕ್ಕು ಆಗ ಬೇರೆ ಚಾನೆಲ್ಲಿಗೆ ಮಾರಿದ್ದರಂತೆ, ಹಾಗಾಗಿ ಪರದೆ ಕಪ್ಪು. ಮನೆ ಮುಂದಿನ ಬಾವಿಗೆ ಬೀಗ ಹಾಕಿ, ಪಕ್ಕದೂರಿನ ಕೆರೆ ತೋರಿಸಿದ ಹಾಗೆ. ಸೀಸನ್ನಿಗೆ 162 ಆಟ. ಎಲ್ಲವೂ ರೇಡಿಯೊದಲ್ಲಿ ಬರುತ್ತದೆ, ಪೈಸೆ ಇಲ್ಲ. ನಮ್ಮ ರಾಜ್ಯದ್ದೇ ಎರಡು ಟೀಮು: ಕ್ಲೀವ್‌ಲೆಂಡ್ ಆಟ ಎಎಂ, ಅಂದರೆ ಮೀಡಿಯಂ ವೇವ್ ಬ್ಯಾಂಡಿನ 1100 ಕಿಲೋಹರ್ಟ್ಸ್‌ನಲ್ಲಿ, ಸಿನ್ಸಿನಾಟಿ ಆಟ 700ರಲ್ಲಿ. ಎರಡೂ 50,000 ವ್ಯಾಟಿನ ಸ್ಟೇಷನ್.

ಕ್ಲೀವ್‌ಲೆಂಡ್ ನಮ್ಮ ಟೀಮ್ ಆದ ಕಥೆಗೆ ಘನವಾದ ಕಾರಣ ಏನೂ ಇಲ್ಲ. ಆಗ ಅದರ ಹೆಸರು ಇಂಡಿಯನ್ಸ್. ನಾವೂ ಇಂಡಿಯನ್ಸ್ ಅಲ್ವಾ ಅಂತ ಮಗಳು ತೀರ್ಮಾನ ಮಾಡಿಬಿಟ್ಟಳು. ಆ ಹೆಸರು ನಮ್ಮದಲ್ಲ, ಇಲ್ಲಿನ ಮೂಲನಿವಾಸಿಗಳನ್ನು ಕುರಿತದ್ದು, ಅವರಿಗೇ ಅದು ಬೇಸರ ಅಂತ ಅವಳಿಗೆ ಬಿಡಿಸಿ ಹೇಳುವಷ್ಟರಲ್ಲಿ ಅಭಿಮಾನ ಬೇರು ಬಿಟ್ಟಿತ್ತು. 2022ರ ಸೀಸನ್ನಿಂದ ಅವರು ಗಾರ್ಡಿಯನ್ಸ್. ನಮ್ಮನೆಯಲ್ಲಿ ಸುಮ್ಮನೆ ‘ನಮ್ಮವರು’.

ಈಗ ಇಡುವ ಜಾಗದ ವಿಷಯ. ಇದು ತಿಳಿಯಲು ನನಗೆ ಒಂದು ಪೂರ್ತಿ ಸೀಸನ್ ಹಿಡಿಯಿತು. ಹೊಸಬರು ಮಾಡುವ ಹಾಗೆ ಮೊದಲು ನಾನೂ ಹೊರಗಿನ ಉದ್ದ ಕಡ್ಡಿಯನ್ನು ಎಳೆದು, ಬಗ್ಗಿಸಿ, ಕಿಟಕಿ ಕಡೆ ತಿರುಗಿಸಿ ಒದ್ದಾಡಿದೆ. ಆ ಕಡ್ಡಿ ಎಫ್‌ಎಂಗೆ, ಹವಾಮಾನದ ಬ್ಯಾಂಡಿಗೆ ಮಾತ್ರ. ಎಎಂ ಹಿಡಿಯುವ ಆಂಟೆನಾ ಒಳಗಿದೆ, ಕಪ್ಪು ಫೆರೈಟ್ ಸರಳಿಗೆ ತಾಮ್ರದ ತಂತಿ ಸುತ್ತಿದ್ದು. ಅದಕ್ಕೆ ದಿಕ್ಕು ಮುಖ್ಯ. ಸರಳಿನ ತುದಿ ಸ್ಟೇಷನ್ ಕಡೆಗಿದ್ದರೆ ದನಿ ಸಾಯುತ್ತದೆ, ಅಡ್ಡ ಮಲಗಿದ್ದರೆ ಚೆನ್ನಾಗಿ ಬರುತ್ತದೆ. ಅಂದರೆ ರೇಡಿಯೊವನ್ನೇ ತಿರುಗಿಸಬೇಕು. ಹೆಂಚಿನ ಮೇಲೆ ದೋಸೆ ತಿರುಗಿಸಿದ ಹಾಗೆ ನಿಧಾನಕ್ಕೆ, ಒಂದೊಂದೇ ಬೆರಳು.

ನಮ್ಮೂರಿಗೆ ಒಂದು ಅದೃಷ್ಟ ಇದೆ. ಐ-71 ಹೆದ್ದಾರಿ ಈಶಾನ್ಯದ ಕ್ಲೀವ್‌ಲೆಂಡಿನಿಂದ ನೈಋತ್ಯದ ಸಿನ್ಸಿನಾಟಿ ಕಡೆಗೆ ಹೋಗುತ್ತದೆ, ನಾವು ಅದರ ನಡುವೆ. ರೇಡಿಯೊವನ್ನು ಆ ಹೆದ್ದಾರಿಗೆ ಅಡ್ಡಲಾಗಿ ಇಟ್ಟರೆ ಎರಡೂ ಊರು ಒಂದೇ ಭಂಗಿಯಲ್ಲಿ ಸಿಗುತ್ತವೆ! ಇದು ಹೊಳೆದ ದಿನ ಫ್ರಿಜ್ ಮೇಲೆ ನೀಲಿ ಟೇಪಿನ ಒಂದು ಗೆರೆ ಅಂಟಿಸಿದೆ. ಫ್ರಿಜ್ ಒರೆಸುವಾಗ ಯಾರೂ ಅದನ್ನು ಕೀಳಬಾರದು. ಇಡೀ ಮನೆಯಲ್ಲಿ ನನ್ನ ಮಾತು ನಡೆಯುವುದು ಇದೊಂದರಲ್ಲೇ.

ಸಂಜೆ ಆರೂವರೆಗೆ ಅಡುಗೆಮನೆಗೆ ಬರುತ್ತೇನೆ. ರೇಡಿಯೊದ ಬುಡವನ್ನು ಗೆರೆಗೆ ಕೂಡಿಸುತ್ತೇನೆ. ಅಡಾಪ್ಟರ್ ಹಾಕುವುದಿಲ್ಲ, ಅದರದ್ದೇ ಒಂದು ಗೊರಗೊರ ಇದೆ. ನಾಲ್ಕು ದಪ್ಪ ಸೆಲ್. ವಾಲ್ಯೂಮ್ ನಾಬನ್ನು ಆ ಕಡೆ ಈ ಕಡೆ ಹತ್ತು ಸಲ ತಿರುವಬೇಕು, ಇಲ್ಲದಿದ್ದರೆ ಒಳಗೆ ಮರಳು ತುಂಬಿದ ಹಾಗೆ ಕರಕರ ಅನ್ನುತ್ತದೆ. ಆಮೇಲೆ ಮುಳ್ಳು. 1100 ಎಂದು ಬರೆದ ಜಾಗದಲ್ಲಿ 1100 ಇಲ್ಲ, ಕೂದಲೆಳೆಯಷ್ಟು ಎಡಕ್ಕಿದೆ. ಕಿವಿ ಹಿಂಡುತ್ತಾ ಹೋದರೆ ಮೊದಲು ಜನರ ಗದ್ದಲ ಸಿಗುತ್ತದೆ. ದೂರದ ಜಾತ್ರೆ ಕೇಳಿದ ಹಾಗೆ. ಅದರೊಳಗಿಂದ ಟಾಮ್ ಹ್ಯಾಮಿಲ್ಟನ್ ದನಿ ಏಳುತ್ತದೆ. ಆತ 1990ರಿಂದ ಇದೇ ಟೀಮಿನ ಆಟ ಹೇಳುತ್ತಿದ್ದಾರೆ. ಆ ದನಿ ಸಿಕ್ಕ ಮೇಲೇ ನಾನು ಈರುಳ್ಳಿ ಹೆಚ್ಚಲು ಕೂರುವುದು.

ಶುಕ್ರವಾರ ಮಾತ್ರ ತಕರಾರು. ಅವತ್ತು ಮನೆಯಲ್ಲಿ ಸಿನಿಮಾ. ಒಂದು ವಾರ ಹೆಂಡತಿ ಆರಿಸುವುದು, ಇನ್ನೊಂದು ವಾರ ಮಗಳು. ನನ್ನ ಸರದಿ ಒಂದು ಕಾಲದಲ್ಲಿ ಇತ್ತು. ಬೇಸ್‌ಬಾಲ್ ಕುರಿತ ಸಿನಿಮಾವನ್ನೇ ಮೂರು ಸಲ ಹಾಕಿದ್ದಕ್ಕೆ ಕಳೆದುಕೊಂಡೆ. ಈಗ ನನ್ನ ಕೆಲಸ ಪಾಪ್‌ಕಾರ್ನ್ ಮಾಡುವುದು. ನೆಪಕ್ಕೆ ಅಡುಗೆಮನೆಗೆ ಹೋಗಬಹುದು, ಅಲ್ಲಿ ರೇಡಿಯೊ ಸಣ್ಣಗೆ ಹಾಡುತ್ತಿರುತ್ತದೆ. ಆದರೆ ಮೈಕ್ರೋವೇವ್ ಬಟನ್ ಒತ್ತಿದ ಕ್ಷಣವೇ ಕ್ಲೀವ್‌ಲೆಂಡ್ ಮುಳುಗುತ್ತದೆ. ಎರಡೂವರೆ ನಿಮಿಷ ಬರೀ ಗೊರ್. ಒಂದು ಸಲ ಸದ್ದು ನಿಂತಾಗ ಜನ ಹುಚ್ಚೆದ್ದು ಕೂಗುತ್ತಿದ್ದರು, ಸ್ಕೋರ್ ಎರಡು ಜಾಸ್ತಿ ಆಗಿತ್ತು. ಹೊಡೆದವರು ಯಾರು ಅಂತ ತಿಳಿಯಲು ಮುಂದಿನ ಇನ್ನಿಂಗ್ಸ್ ತನಕ ಕಾಯಬೇಕಾಯಿತು. ಅವತ್ತಿನಿಂದ ಒಂದು ಲೆಕ್ಕ ಇಟ್ಟುಕೊಂಡಿದ್ದೇನೆ. ಪೊಟ್ಟಣ ಒಳಗಿಟ್ಟು, ಬಟನ್ ಮೇಲೆ ಬೆರಳಿಟ್ಟು ನಿಲ್ಲುವುದು. ಮೂರನೇ ಔಟ್ ಆಗಿ ಬ್ಯಾಟಿಂಗ್ ಸರದಿ ಬದಲಾದ ತಕ್ಷಣ ಒತ್ತುವುದು. ಜಾಹೀರಾತು ಮುಗಿಯುವುದಕ್ಕೂ ಕೊನೆಯ ಕಾಳು ಸಿಡಿಯುವುದಕ್ಕೂ ಸರಿಹೋಗುತ್ತದೆ. ಹೊರಗಿನಿಂದ “ರೀ, ಇಷ್ಟು ಹೊತ್ತಾ?” ಅಂತ ಕೇಳುತ್ತಾಳೆ. “ಬ್ಯಾಟ್ಸ್‌ಮನ್ ಔಟ್ ಆಗ್ತಾ ಇಲ್ಲ ಕಣೆ” ಅನ್ನಲು ಆಗುತ್ತದೆಯೇ?

2016ರ ನವೆಂಬರ್ 2ರ ರಾತ್ರಿ ಮರೆಯಲಾರೆ. ವರ್ಲ್ಡ್ ಸೀರೀಸ್ ಅಂದರೆ ಬೇಸ್‌ಬಾಲಿನ ಫೈನಲ್ ಸರಣಿ, ಅದರ ಏಳನೇ, ಕೊನೆಯ ಆಟ, ಎದುರಿಗೆ ಶಿಕಾಗೊ. ಕ್ಲೀವ್‌ಲೆಂಡ್ ಕೊನೆಯದಾಗಿ ಗೆದ್ದದ್ದು 1948ರಲ್ಲಿ. ಟಿವಿಯಲ್ಲೂ ಬರುತ್ತಿತ್ತು, ಆದರೆ ಮಗಳು ಜ್ವರದಲ್ಲಿ ಟಿವಿ ಮುಂದಿನ ಸೋಫಾದಲ್ಲೇ ಮಲಗಿಬಿಟ್ಟಿದ್ದಳು. ನಾನು ರೇಡಿಯೊವನ್ನು ಕಿವಿಗೆ ಒತ್ತಿಕೊಂಡು ಅಡುಗೆಮನೆಯ ನೆಲದ ಮೇಲೆ ಕೂತೆ. ಎಂಟನೇ ಇನ್ನಿಂಗ್ಸಿನಲ್ಲಿ ರಾಜಾಯ್ ಡೇವಿಸ್ ಹೋಮ್ ರನ್ ಹೊಡೆದು 6-6 ಮಾಡಿದಾಗ ನನ್ನ ಬಾಯಿಂದ ಬಂದ ಕೂಗಿಗೆ ಮಗಳು ಎದ್ದು ಅತ್ತಳು. ಒಂಬತ್ತು ಇನ್ನಿಂಗ್ಸ್ ಮುಗಿದ ಮೇಲೆ ಮಳೆ, 17 ನಿಮಿಷ ಆಟ ನಿಂತಿತು. ಹತ್ತನೆಯದರಲ್ಲಿ 8-7ಕ್ಕೆ ಸೋತೆವು. ಮಗಳು ನನ್ನ ತೊಡೆ ಮೇಲೆ ಮತ್ತೆ ನಿದ್ದೆ ಹೋಗಿದ್ದಳು, ಜ್ವರ ಇಳಿದಿತ್ತು. ಏಳಲು ಮನಸ್ಸಾಗಲಿಲ್ಲ. ಮರುದಿನ ಕುತ್ತಿಗೆ ಹಿಡಿದುಕೊಂಡಿತ್ತು.

ಇಷ್ಟಾದರೂ 2019ರ ಹೊತ್ತಿಗೆ ಇದನ್ನು ಎಸೆಯುವ ಯೋಚನೆಗೆ ಬಂದಿದ್ದೆ. ಸದ್ದು ವರ್ಷದಿಂದ ವರ್ಷಕ್ಕೆ ಜಾಸ್ತಿ ಆಗುತ್ತಿತ್ತು. ರೇಡಿಯೊ ಮುದಿಯಾಯಿತು ಅಂತ ನನ್ನ ಲೆಕ್ಕ. ಆ ಬೇಸಿಗೆಯಲ್ಲಿ ಅಪ್ಪ ಬಂದರು. ಅವರು ಕೆಇಬಿಯಲ್ಲಿ ಲೈನ್‌ಮನ್ ಆಗಿ ಸೇರಿ, ಮೂವತ್ತು ವರ್ಷ ಕಂಬ ಹತ್ತಿ ಇಳಿದು ರಿಟೈರ್ ಆದವರು. ಎರಡು ದಿನ ಸುಮ್ಮನೆ ಕೇಳಿದರು. ಮೂರನೆಯ ದಿನ ಅಂದರು, “ಇದು ರೇಡಿಯೊ ತಪ್ಪಲ್ಲ ಕಣೋ. ನಿಮ್ಮನೆ ಕರೆಂಟೇ ಗಲೀಜು.”

ಲೈನಿನಲ್ಲಿ ಎಲ್ಲಾದರೂ ಕಿಡಿ ಹಾರುತ್ತಿದ್ದರೆ ಹುಡುಕಲು ಅವರು ಜೇಬಿನಲ್ಲಿ ಒಂದು ಟ್ರಾನ್ಸಿಸ್ಟರ್ ಇಟ್ಟುಕೊಳ್ಳುತ್ತಿದ್ದರಂತೆ. ಮೀಡಿಯಂ ವೇವಿನಲ್ಲಿ ಸ್ಟೇಷನ್ ಇಲ್ಲದ ಕಡೆ ಮುಳ್ಳು ನಿಲ್ಲಿಸಿ, ಕಂಬದಿಂದ ಕಂಬಕ್ಕೆ ನಡೆಯುವುದು. ಗೊರಗೊರ ಎಲ್ಲಿ ಜೋರಾಯಿತೋ ಆ ಕಂಬ. ನಮ್ಮನೆಯಲ್ಲೂ ಅದೇ ಶುರುವಾಯಿತು. ರೇಡಿಯೊ ಎದೆಗವಚಿಕೊಂಡು ಕೋಣೆ ಕೋಣೆ ಸುತ್ತಿದರು. ಆಮೇಲೆ ಗ್ಯಾರೇಜಿನ ಬ್ರೇಕರ್ ಪೆಟ್ಟಿಗೆ ತೆರೆದು ಒಂದೊಂದೇ ಇಳಿಸತೊಡಗಿದರು. ಮೂರನೆಯದಕ್ಕೆ ವೈಫೈ ಹೋಯಿತು. “ಮಾವಾ, ಮೀಟಿಂಗಲ್ಲಿದೀನಿ!” ಅಂತ ಮಹಡಿಯಿಂದ ಕೂಗು. “ಆಯ್ತಮ್ಮ, ಒಂದೇ ನಿಮಿಷ” ಅಂದವರು ನಾಲ್ಕನೆಯದನ್ನೂ ಇಳಿಸಿದರು.

ಕಳ್ಳರು ಮೂವರು ಸಿಕ್ಕರು. ಮಹಡಿಯ ದೀಪ ಮಂದ ಮಾಡುವ ಸ್ವಿಚ್, ಗ್ಯಾರೇಜ್ ಬಾಗಿಲು ತೆರೆಯುವ ಯಂತ್ರದೊಳಗಿನ ಎಲ್‌ಇಡಿ ಬಲ್ಬ್, ಮಗಳ ಕೋಣೆಯ ಅಗ್ಗದ ಚಾರ್ಜರ್. ಇವುಗಳ ಹೊಟ್ಟೆಯೊಳಗಿನ ಸರ್ಕ್ಯೂಟ್ ಕರೆಂಟನ್ನು ಕತ್ತರಿಸುತ್ತಲೇ ಇರುತ್ತದೆ, ಸ್ವಿಚ್ಚಿನದ್ದು ಸೆಕೆಂಡಿಗೆ 120 ಸಲ, ಮಿಕ್ಕೆರಡರದ್ದು ಸಾವಿರಾರು ಸಲ. ಕತ್ತರಿಸಿದಾಗ ಹುಟ್ಟುವ ಕಸ ಗೋಡೆಯ ತಂತಿ ಹಿಡಿದು ಮನೆಯೆಲ್ಲ ಹರಡಿ, ಸೀದಾ ಎಎಂ ಬ್ಯಾಂಡಿಗೆ ಬಂದು ಬೀಳುತ್ತದೆ. ವರ್ಷ ವರ್ಷ ಸದ್ದು ಜಾಸ್ತಿ ಆಗಿದ್ದು ರೇಡಿಯೊಗೆ ವಯಸ್ಸಾಗಿ ಅಲ್ಲ, ನಾವು ವರ್ಷ ವರ್ಷ ಹೊಸ ಸಾಮಾನು ತಂದು. ಸ್ವಿಚ್, ಬಲ್ಬ್ ಎರಡನ್ನೂ ಬದಲಾಯಿಸಲು 45 ಡಾಲರ್ ಆಯಿತು. ರೇಡಿಯೊಗಿಂತ ಅದರ ಕಿವಿ ಶುದ್ಧಿಗೆ ಜಾಸ್ತಿ ಖರ್ಚು.

ಚಾರ್ಜರ್ ಬದಲಾಯಿಸಲಿಲ್ಲ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಈ ರೇಡಿಯೊದ ನಿಜವಾದ ದನಿ ನಾನು ಕೇಳಿದ್ದು 2022ರ ಜೂನಿನಲ್ಲಿ. ಬಿರುಗಾಳಿ ಬಂದು ಹೋಯಿತು, ಅದರ ಹಿಂದೆಯೇ ಸುಡು ಬಿಸಿಲು, ಕೊಲಂಬಸ್‌ನ ಎಷ್ಟೋ ಬಡಾವಣೆಗೆ ಕರೆಂಟ್ ಇಲ್ಲ. ನಮಗೂ ಎರಡು ದಿನ ಇರಲಿಲ್ಲ. ಮಗಳ ಸಿನಿಮಾ ಅರ್ಧಕ್ಕೆ ನಿಂತು ಮುಖ ಊದಿಸಿಕೊಂಡಿದ್ದಳು. ಒಳಗೆ ಸೆಕೆ ಅಂತ ಹಿತ್ತಲ ಮೆಟ್ಟಿಲ ಮೇಲೆ ಕೂತೆವು. ರೇಡಿಯೊ ಹಾಕಿದರೆ ನನಗೇ ನಂಬಿಕೆ ಬರಲಿಲ್ಲ. ಗೊರ್ ಇಲ್ಲ, ಗುಂಯ್ ಇಲ್ಲ. ಬೀದಿಯಲ್ಲಿ ಒಂದು ಚಾರ್ಜರ್ ಕೂಡ ಬದುಕಿರಲಿಲ್ಲ ನೋಡಿ. ಚೆಂಡು ಕ್ಯಾಚರ್ ಗ್ಲೌಸಿಗೆ ಬಿದ್ದ ಠಪ್ ಕೇಳಿಸಿತು. ಗ್ಯಾಲರಿಯಲ್ಲಿ ಕಡಲೆಕಾಯಿ ಮಾರುವವನ ಕೂಗು ಕೇಳಿಸಿತು. ಬೇಸ್‌ಬಾಲ್ ಅಂದರೆ ಆಕಳಿಸುವ ನನ್ನ ಹೆಂಡತಿ ಎರಡು ಇನ್ನಿಂಗ್ಸ್ ಕಳೆದ ಮೇಲೆ “ಫೌಲ್ ಹೊಡೆದರೆ ಯಾಕೆ ಔಟ್ ಇಲ್ಲ?” ಅಂತ ಕೇಳಿದಳು. ಮಗಳು ವಿವರಿಸಿದಳು. ಕತ್ತಲಾದ ಮೇಲೆ ಸುಮ್ಮನೆ ಮುಳ್ಳು ಸರಿಸಿದೆ, 1120ರಲ್ಲಿ ಸೇಂಟ್ ಲೂಯಿಸ್ ಸಿಕ್ಕಿತು. 600 ಕಿಲೋಮೀಟರಿಗೂ ಜಾಸ್ತಿ ದೂರ. ಹಗಲು ಎಎಂ ಅಲೆಗಳನ್ನು ನುಂಗಿಕೊಳ್ಳುವ ಒಂದು ಪದರ ಆಕಾಶದಲ್ಲಿದೆ, ಸೂರ್ಯ ಮುಳುಗಿದರೆ ಅದು ಕರಗುತ್ತದೆ. ಆಗ ಅಲೆಗಳು ಅದಕ್ಕಿಂತ ಮೇಲಿನ ಪದರಕ್ಕೆ ತಾಗಿ ದೂರದ ಊರಲ್ಲಿ ಇಳಿಯುತ್ತವೆ. ದನಿ ಉಯ್ಯಾಲೆಯ ಹಾಗೆ ಬರುತ್ತಿತ್ತು, ಹೋಗುತ್ತಿತ್ತು. ಮರುದಿನ ಸಂಜೆ ಕರೆಂಟ್ ಬಂತು. ಬೀದಿಯೆಲ್ಲ ಚಪ್ಪಾಳೆ. ರೇಡಿಯೊ ಗೊರ್ ಅಂದಿತು. ನಿಜ ಹೇಳಬೇಕೆಂದರೆ ನನಗೆ ಸ್ವಲ್ಪ ಬೇಜಾರೇ ಆಯಿತು.

ಹಾಡಿನ ವಿಷಯ ಬೇಗ ಮುಗಿಸುತ್ತೇನೆ. ಒಂದೇ ಸ್ಪೀಕರ್. ಈಗಿನ ಹಾಡಿನ ಡ್ರಮ್ ಇದರಲ್ಲಿ ತಗಡಿನ ಡಬ್ಬ ಬಡಿದ ಹಾಗೆ. ಮಗಳು ಒಂದು ಸಲ ಕೇಳಿ ಕೈಮುಗಿದಳು. ಆದರೆ ಬೆಳಗ್ಗೆ ಹೆಂಡತಿ ಫೋನಿಗೆ ವೈರ್ ಸಿಕ್ಕಿಸಿ ಹಳೆಯ ಚಿತ್ರಗೀತೆ ಹಾಕುತ್ತಾಳೆ. ಪಿ.ಬಿ. ಶ್ರೀನಿವಾಸ್ ದನಿ ಇಲ್ಲಿ ಕೂರುವಷ್ಟು ಚೆನ್ನಾಗಿ ನಮ್ಮ ದುಬಾರಿ ಸೌಂಡ್‌ಬಾರಿನಲ್ಲಿ ಕೂರುವುದಿಲ್ಲ. ಆ ಹಾಡುಗಳು ಹುಟ್ಟಿದ್ದೇ ಇಂಥ ಪೆಟ್ಟಿಗೆಗೆ ಇರಬೇಕು.

2023ರಲ್ಲಿ ಅಪ್ಪ ಮತ್ತೆ ಬಂದರು. ಈ ಸಲ ಪೂರ್ತಿ ಆಟಕ್ಕೇ ಬಿದ್ದರು. ಕ್ರಿಕೆಟ್ ಕಾಮೆಂಟರಿ ಕೇಳಿ ಬೆಳೆದವರು, ಅದೇ ಭಾಷೆಯಲ್ಲಿ ಇದನ್ನೂ ಅರಗಿಸಿಕೊಂಡರು. ವಾಕ್ ಅಂದರೆ ಅವರಿಗೆ “ನಾಲ್ಕು ವೈಡಿಗೆ ಒಂದು ಬಿಟ್ಟಿ ಪ್ರಯಾಣ”. ಬ್ಯಾಂಕಿನವರು ಕೊಟ್ಟ ಡೈರಿಯಲ್ಲಿ ಗೆರೆ ಹಾಕಿ ಸ್ಕೋರ್ ಬರೆಯಲು ಕಲಿತರು. ಚೆಂಡು ಎಸೆಯುವ ಪಿಚರ್ 1, ಅದನ್ನು ಹಿಡಿಯುವ ಕ್ಯಾಚರ್ 2, ಹೀಗೆ ಪ್ರತಿ ಜಾಗಕ್ಕೂ ಒಂದು ನಂಬರ್. ಎರಡನೇ, ಮೂರನೇ ಬೇಸಿನ ನಡುವೆ ನಿಲ್ಲುವ ಶಾರ್ಟ್‌ಸ್ಟಾಪಿನಿಂದ ಎರಡನೇ ಬೇಸಿನವನಿಗೆ, ಅಲ್ಲಿಂದ ಮೊದಲನೇ ಬೇಸಿಗೆ ಎಸೆದು ಇಬ್ಬರನ್ನು ಔಟ್ ಮಾಡಿದರೆ 6-4-3. ಬ್ಯಾಟ್ ಬೀಸಿ, ಚೆಂಡು ತಪ್ಪಿ, ಮೂರನೇ ಸ್ಟ್ರೈಕಿಗೆ ಔಟಾದರೆ ಇಲ್ಲಿನವರು ಇಂಗ್ಲಿಷಿನ ಕೆ ಬರೆಯುತ್ತಾರೆ, ಬೀಸದೆ ನೋಡುತ್ತಾ ನಿಂತು ಔಟಾದರೆ ಅದನ್ನೇ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಬರೆಯುತ್ತಾರೆ. ಅಪ್ಪ ‘ಕ’ ಬರೆದರು. ನಿಂತು ಔಟಾದವನಿಗೆ ‘ಕ’ ತಲೆಕೆಳಗು. ಆ ಡೈರಿ ನಮ್ಮಲ್ಲೇ ಇದೆ. ಆಗಸ್ಟ್ ತಿಂಗಳ ಪುಟಗಳಲ್ಲಿ ತಲೆಕೆಳಗಾದ ‘ಕ’ಗಳು ಸಾಲಾಗಿ ನೇತಾಡುತ್ತಿವೆ, ಬಾವಲಿಗಳ ಹಾಗೆ.

ಆ ವರ್ಷವೇ ಪಿಚ್ ಗಡಿಯಾರ ಬಂದದ್ದು. ಬೇಸಿನಲ್ಲಿ ಓಡಲು ನಿಂತವರು ಯಾರೂ ಇಲ್ಲದಿದ್ದರೆ ಪಿಚರ್ 15 ಸೆಕೆಂಡಿನಲ್ಲಿ, ಇದ್ದರೆ ಆ ವರ್ಷ 20 ಸೆಕೆಂಡಿನಲ್ಲಿ ಎಸೆಯಬೇಕಿತ್ತು. ಸರಾಸರಿ 3 ಗಂಟೆ ಮೀರುತ್ತಿದ್ದ ಆಟ 2 ಗಂಟೆ 40 ನಿಮಿಷಕ್ಕೆ ಇಳಿಯಿತು. ಎಲ್ಲರೂ ಹೊಗಳಿದರು. ಅಪ್ಪನಿಗೆ ಹಿಡಿಸಲಿಲ್ಲ. “2019ರಲ್ಲಿ ಇವರು ಎಸೆಯೋದ್ರೊಳಗೆ ನಾವೊಂದು ವಿಷಯ ಮಾತಾಡಿ ಮುಗಿಸ್ತಿದ್ವಿ. ಈಗ ಪುರುಸೊತ್ತೇ ಇಲ್ಲ” ಅಂದರು. ನನಗೆ ಮಾತ್ರ ಒಂದು ಲಾಭ ಆಗಿದೆ. ವರ್ಷಕ್ಕೆ ನೂರು ಆಟ ಕೇಳುತ್ತೇನೆ ಅಂದುಕೊಂಡರೂ ಆಟಕ್ಕೆ 24 ನಿಮಿಷದಂತೆ 40 ಗಂಟೆ ಉಳಿಯಿತು. ಮೊದಲು ಸೀಸನ್ನಿಗೆ ಮೂರು ಸಲ ಸೆಲ್ ಬದಲಾಯಿಸುತ್ತಿದ್ದೆ, ಈಗ ಎರಡೇ. ಸತ್ತ ಸೆಲ್ಲನ್ನು ಬಿಸಿಲಿಗಿಟ್ಟು ಇನ್ನೆರಡು ದಿನ ಎಳೆಯುವುದು ಅಪ್ಪ ಬಿಟ್ಟುಹೋದ ಅಭ್ಯಾಸ. ಕಂಪನಿಯವರು ಹಾಗೆ ಮಾಡಬೇಡಿ ಅಂತಾರೆ, ನೀವು ಮಾಡಬೇಡಿ.

ಈಗೀಗ ನನಗೆ ಮತ್ತೆ ಸಿಟ್ಟು ಬರುತ್ತಿದೆ. ಹೋದ ವರ್ಷ ಇಂಡಕ್ಷನ್ ಒಲೆ ತಂದೆವು. ಅದು ಮೈಕ್ರೋವೇವಿಗೆ ಅಣ್ಣ. ಅಡುಗೆ ಆಗುವ ತನಕ ಆಟವೇ ಇಲ್ಲ. ಇದಕ್ಕೆ ನಾನು ಏಳು ಗಂಟೆಯೊಳಗೆ ಅಡುಗೆ ಮುಗಿಸುವುದನ್ನು ಕಲಿತೆ, ಹೆಂಡತಿಗೆ ಖುಷಿ. ಎಷ್ಟೋ ಹೊಸ ಎಲೆಕ್ಟ್ರಿಕ್ ಕಾರುಗಳಲ್ಲಿ ಎಎಂ ಅನ್ನೇ ಇಟ್ಟಿಲ್ಲ, ಮೋಟಾರಿನ ಸದ್ದು ನುಗ್ಗುತ್ತದೆ ಅಂತ. ರೇಡಿಯೊ ಕಂಪನಿಯೂ ಈ ಮಾಡೆಲ್ ನಿಲ್ಲಿಸಿದೆ. ಇದರ ತಮ್ಮನನ್ನು ಗೆಳೆಯನ ಮನೆಯಲ್ಲಿ ಕೇಳಿದೆ, ಮುಳ್ಳು ಹೋಗಿ ಅಂಕಿ ಬಂದಿದೆ, ದನಿ ಮೂಗಿನಲ್ಲಿ ಮಾತಾಡಿದ ಹಾಗಿದೆ. ನೀವು ಅಪಾರ್ಟ್‌ಮೆಂಟಿನಲ್ಲಿದ್ದರೆ ಯಾವ ಎಎಂ ರೇಡಿಯೊವನ್ನೂ ತರಬೇಡಿ. ನಿಮ್ಮ ಬ್ರೇಕರ್ ಇಳಿಸಬಹುದು, ಪಕ್ಕದ ಮನೆಯದ್ದು ಇಳಿಸಲು ಅಪ್ಪನಂಥವರೇ ಬರಬೇಕು. ಬಿಡಿಯಾಗಿ ನಿಂತ ಮನೆ, ಅಂಗಳ, ಆಟದ ಹುಚ್ಚು ಮೂರೂ ಇದ್ದರೆ ಹಳೆಯದೊಂದು ಸಿಕ್ಕಿದರೆ 40 ಡಾಲರ್ ತನಕ ಕೊಡಬಹುದು. ಐದಕ್ಕೆ ನಾಲ್ಕು ಸ್ಟಾರ್ ಅಂತ ಇದ್ದೆ, ಒಲೆ ಬಂದ ಮೇಲೆ ಮೂರೂವರೆ. ತಪ್ಪು ಒಲೆಯದ್ದೇ, ಗೊತ್ತು.

ಚಾರ್ಜರ್ ಅಂದೆನಲ್ಲ. ರಾತ್ರಿ ಹತ್ತೂವರೆಗೆ ಫೋನ್ ಕೆಳಗಿಟ್ಟು ಮಲಗಬೇಕು ಅನ್ನುವುದು ಮಗಳಿಗೆ ಹಾಕಿದ ನಿಯಮ. ಅವಳಿಗೀಗ 14. ಅಡುಗೆಮನೆಯ ಮೇಲ್ಗಡೆಯೇ ಅವಳ ಕೋಣೆ. ರೇಡಿಯೊ ಚಿರ್ ಅಂದರೆ ಮೇಲೆ ಫೋನ್ ಎದ್ದಿದೆ ಅಂತ ಅರ್ಥ. ಈ ಗುಟ್ಟು ಆರು ವರ್ಷ ಕಾಪಾಡಿದ್ದೇನೆ. ಅಪ್ಪನಿಗೆ ಹೇಗೆ ಪ್ರತಿ ಸಲ ಗೊತ್ತಾಗುತ್ತೆ ಅಂತ ಅವಳಿಗೆ ಇನ್ನೂ ಆಶ್ಚರ್ಯ.

ಈ ಬೇಸಿಗೆಯಲ್ಲಿ ಒಂದು ರಾತ್ರಿ ಆಟ ಪಶ್ಚಿಮ ಕರಾವಳಿಯಲ್ಲಿತ್ತು. ಅಲ್ಲಿಗೂ ನಮಗೂ ಮೂರು ಗಂಟೆ ವ್ಯತ್ಯಾಸ, ನಮ್ಮಲ್ಲಿ ಹನ್ನೆರಡೂವರೆ ಆದರೂ ಮುಗಿದಿರಲಿಲ್ಲ. ಒಂಬತ್ತನೇ ಇನ್ನಿಂಗ್ಸ್, ನಮ್ಮವರು ಒಂದು ರನ್ ಮುಂದೆ, ಎದುರಾಳಿಯ ಇಬ್ಬರು ಬೇಸ್ ಮೇಲೆ. ಆಗ ಚಿರ್ ಅಂದಿತು. ಕೊನೆಯ ಔಟ್ ಆಗುವ ತನಕ ತಡೆದುಕೊಂಡು, ಬೈಯಲು ಮೆಟ್ಟಿಲು ಹತ್ತಿದೆ. ಬಾಗಿಲು ತಳ್ಳಿದರೆ ಹೊದಿಕೆ ಒಳಗೆ ಬೆಳಕು. ಕಿವಿಯಲ್ಲಿ ಇಯರ್‌ಫೋನ್. ಫೋನಿನಲ್ಲಿ ಅದೇ ಆಟ ಕೇಳುತ್ತಿದ್ದಳು, ಅದು ರೇಡಿಯೊಗಿಂತ ನಲವತ್ತು ಸೆಕೆಂಡ್ ಹಿಂದೆ. ನನ್ನ ಮುಖ ನೋಡಿ ಗಾಬರಿಯಲ್ಲಿ ಎರಡೂ ಕೈ ಎತ್ತಿದಳು.

“ಅಪ್ಪಾ, ಬೈಬೇಕಾದ್ರೆ ಬೈ. ಏನಾಯ್ತು ಅಂತ ಮಾತ್ರ ಹೇಳ್ಬೇಡ.”

ಗೋಡೆ ಕಡೆ ತಿರುಗಿ ನಿಂತೆ, ಮುಖದಲ್ಲಿ ಗೊತ್ತಾಗದಿರಲಿ ಅಂತ.